ಬೈಯುವ ಹಕ್ಕು

2018ರ ನವೆಂಬರ್ 24, ಶನಿವಾರ. ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿತು. 30 ಜನ ಸತ್ತರು. ಅವರಲ್ಲಿ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ದಿನ ರಾತ್ರಿ ಬೆಂಗಳೂರಿನಲ್ಲಿ ಅಂಬರೀಷ್ ತೀರಿಕೊಂಡರು.

ನಮ್ಮೂರು ಅದೇ ತಾಲ್ಲೂಕಿನದು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಾನು ಆ ವಾರ ಊರಿಗೆ ಬಂದಿದ್ದೆ. ಸಂಜೆಯವರೆಗೆ ಊರಿನವರ ಬಾಯಲ್ಲಿ ನಾಲೆ ಬಿಟ್ಟರೆ ಬೇರೆ ಮಾತಿರಲಿಲ್ಲ. ಯಾರ ಮಗು, ಯಾವ ಊರು, ಬಾಗಿಲು ಯಾಕೆ ತೆಗೆಯಲಾಗಲಿಲ್ಲ, ಆ ತಿರುವಿನಲ್ಲಿ ಒಂದು ಗೋಡೆಯಾದರೂ ಯಾಕಿರಲಿಲ್ಲ. ಬೆಳಗಾಗುವಷ್ಟರಲ್ಲಿ ನಾಲೆ ಎರಡನೇ ಸುದ್ದಿಯಾಗಿತ್ತು. ಸಂಜೆ ಅಂಬರೀಷ್ ಅವರ ಪಾರ್ಥಿವ ಶರೀರ ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೆ ಬಂದಾಗ ನಾಲೆ ಸುದ್ದಿಯೇ ಆಗಿರಲಿಲ್ಲ. ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅನ್ನುವವನು, ಹಿಂದಿನ ದಿನ ನಾಲೆಯಿಂದ ಹೆಣ ಎತ್ತಲು ಹಗ್ಗ ಹಿಡಿದಿದ್ದ. ಮಾರನೆಯ ದಿನ ಅದೇ ಬಟ್ಟೆಯಲ್ಲಿ ಮಂಡ್ಯದ ಕ್ರೀಡಾಂಗಣಕ್ಕೆ ಹೋಗಿ ರಾತ್ರಿಯೆಲ್ಲ ಸಾಲಿನಲ್ಲಿ ನಿಂತ.

ಇದನ್ನು ಅವನ ಮೇಲಿನ ದೂರಾಗಿ ಹೇಳುತ್ತಿಲ್ಲ. ಎರಡೂ ದಿನ ಅವನು ಅತ್ತದ್ದು ನಿಜ. ಒಬ್ಬ ಮನುಷ್ಯ ಎರಡು ಸಾವಿಗೆ ಅಳಬಾರದೆಂದು ಎಲ್ಲಿಯೂ ಬರೆದಿಲ್ಲ. ನನ್ನ ತಕರಾರು ಐದು ತಿಂಗಳ ನಂತರದ್ದು.

2019ರ ಏಪ್ರಿಲ್‌ನಲ್ಲಿ ನಾನು ಲೋಕಸಭೆಗೆ ಮೊದಲ ಸಲ ಓಟು ಹಾಕಿದೆ. ಕ್ಷೇತ್ರ ಮಂಡ್ಯ. ಒಂದು ಕಡೆ ಮುಖ್ಯಮಂತ್ರಿಯ ಮಗ ನಿಖಿಲ್, ‘ಜಾಗ್ವಾರ್’ ಸಿನಿಮಾದ ನಾಯಕ. ಇನ್ನೊಂದು ಕಡೆ ಅಂಬರೀಷ್ ಅವರ ಪತ್ನಿ ಸುಮಲತಾ, ಅವರ ಎರಡು ಪಕ್ಕದಲ್ಲಿ ‘ಜೋಡೆತ್ತು’ಗಳಾಗಿ ದರ್ಶನ್ ಮತ್ತು ಯಶ್. ಆ ಚುನಾವಣೆಯಲ್ಲಿ ದೇಶವೆಲ್ಲ ನಕ್ಕ ಮಾತು ‘ನಿಖಿಲ್ ಎಲ್ಲಿದ್ದೀಯಪ್ಪ’. ಅದು ಚುನಾವಣೆಯ ವೇದಿಕೆಯಲ್ಲಿ ಹುಟ್ಟಿದ್ದೂ ಅಲ್ಲ, ‘ಜಾಗ್ವಾರ್’ ಹಾಡುಗಳ ಬಿಡುಗಡೆಯ ವೇದಿಕೆಯಲ್ಲಿ ತಂದೆ ಮಗನನ್ನು ಕೂಗಿದ್ದು. ಸುಮಲತಾ ಹೆಸರಿನ ಇನ್ನೂ ಮೂವರು ಮಹಿಳೆಯರು ಕಣದಲ್ಲಿದ್ದರು. ಚಿತ್ರಕಥೆಗಾರ ಬರೆದಿದ್ದರೆ ಅತಿಯಾಯಿತು ಎಂದು ನಿರ್ದೇಶಕ ತೆಗೆಸಿಬಿಡುತ್ತಿದ್ದ.

ಆ ಒಂದು ತಿಂಗಳಲ್ಲಿ ನಮ್ಮೂರ ಸುತ್ತ ನಾನು ಒಂಬತ್ತೋ ಹತ್ತೋ ಭಾಷಣ ಕೇಳಿದೆ. ಅಂಬರೀಷ್ ಅವರ ಶರೀರವನ್ನು ಮಂಡ್ಯಕ್ಕೆ ತರಿಸಿದ್ದು ಯಾರು ಎನ್ನುವುದು ಚರ್ಚೆಯಾಯಿತು. ಮಂಡ್ಯದ ಮಣ್ಣಿನ ಸೊಸೆ ಯಾರು, ಮಗ ಯಾರು ಎನ್ನುವುದು ಚರ್ಚೆಯಾಯಿತು. ಕಬ್ಬಿನ ಬಾಕಿ ಹಣ ಅಲ್ಲೊಮ್ಮೆ ಇಲ್ಲೊಮ್ಮೆ ಬಂದು ಹೋಯಿತು. ನಾಲೆಯ ತಡೆಗೋಡೆ ಒಂದು ಭಾಷಣದಲ್ಲೂ ಬರಲಿಲ್ಲ. 30 ಹೆಣ ಎತ್ತಿ ಐದು ತಿಂಗಳೂ ಆಗಿರಲಿಲ್ಲ. ಹೋಗಲಿ, ಭಾಷಣ ಮಾಡುವವರು ಮರೆತರು ಅಂತಿಟ್ಟುಕೊಳ್ಳಿ. ಕೆಳಗೆ ನಿಂತವರಲ್ಲಿ ಒಬ್ಬರೂ ಕೇಳಲಿಲ್ಲ. ಹಗ್ಗ ಹಿಡಿದಿದ್ದ ನನ್ನ ಅಣ್ಣನೂ ಕೇಳಲಿಲ್ಲ. ಅಲ್ಲೇ ಇದ್ದ ನಾನೂ ಕೇಳಲಿಲ್ಲ.

2023ರಲ್ಲಿ ಅದೇ ನಾಲೆಗೆ ಮತ್ತೆ ಕಾರುಗಳು ಬಿದ್ದವು, ಮತ್ತೆ ಜನ ಸತ್ತರು.

ಇಷ್ಟು ಹೇಳಿದ ಮೇಲೆ ಇಂಥ ಲೇಖನಗಳು ಹಿಡಿಯುವ ದಾರಿ ಓದುಗರಿಗೆ ಗೊತ್ತು. ಅಭಿಮಾನಿಗಳು ಮೂಢರು, ನಟರು ರಾಜಕೀಯಕ್ಕೆ ಬರಬಾರದು, ಸಿನಿಮಾ ಬೇರೆ ರಾಜಕಾರಣ ಬೇರೆ, ಜನರಿಗೆ ಶಿಕ್ಷಣ ಬೇಕು. ನಾನು ಆ ದಾರಿ ಹಿಡಿಯಲು ಬಂದಿಲ್ಲ. ನನ್ನ ಸಂಶೋಧನೆಯ ವಿಷಯವೇ ಕನ್ನಡ ಸಿನಿಮಾದ ಅಭಿಮಾನಿ ಸಂಘಗಳು. ನಾಲ್ಕು ವರ್ಷ ಅವರ ಲೆಟರ್‌ಹೆಡ್ಡು, ಕರಪತ್ರ, ರಕ್ತದಾನದ ಪಟ್ಟಿ, ಫ್ಲೆಕ್ಸಿನ ಬಿಲ್ಲುಗಳ ನಡುವೆ ಕೂತು ನನಗೆ ತಿಳಿದದ್ದು ಇಷ್ಟು: ಅಭಿಮಾನಿಗೆ ರಾಜಕೀಯ ಜಾಸ್ತಿಯಾಗಿಲ್ಲ, ಕಡಿಮೆಯಾಗಿದೆ. ಅವನ ಕೈಯಲ್ಲಿ ಒಂದು ಹಕ್ಕಿತ್ತು, ಬೈಯುವ ಹಕ್ಕು. ಅದನ್ನು ಕಿತ್ತುಕೊಂಡು ಬರೀ ಜೈಕಾರವನ್ನು ಉಳಿಸಿದ್ದಾರೆ.

ಒಂದು ವಿಚಾರ ಸಂಕಿರಣದಲ್ಲಿ ನಾನು ಪ್ರಬಂಧ ಓದಿ ಮುಗಿಸಿದಾಗ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು, ‘ಈ ಲುಂಪೆನ್‌ಗಳ ಬಗ್ಗೆ ಸಂಶೋಧನೆ ಮಾಡುವ ಅಗತ್ಯ ಏನಿದೆಯಮ್ಮ’ ಎಂದು ಕೇಳಿದರು. ಸಭೆ ನಕ್ಕಿತು. ಊಟದ ಹೊತ್ತಿಗೆ ಅದೇ ಪ್ರಾಧ್ಯಾಪಕರು ಗೋಕಾಕ್ ಚಳವಳಿಯ ನೆನಪು ಹೇಳುತ್ತಿದ್ದರು, ಕಣ್ಣು ತುಂಬಿಕೊಂಡು. ನನಗೆ ಸೋಜಿಗವಾಗಿದ್ದು ಇದು. ಗೋಕಾಕ್ ಚಳವಳಿ ಏನು? ಧಾರವಾಡದಲ್ಲಿ ಸಾಹಿತಿಗಳು ಧರಣಿ ಕೂತಿದ್ದರು. ವಾದ ಗಟ್ಟಿ ಇತ್ತು, ಜನ ಇರಲಿಲ್ಲ. 1982ರಲ್ಲಿ ರಾಜ್‌ಕುಮಾರ್ ಬಂದರು. ಊರೂರಿಗೆ ಹೋದರು. ಜನ ಬಂದರು. ಆ ಜನ ಭಾಷಾನೀತಿಯ ವರದಿ ಓದಿ ಬಂದವರಲ್ಲ, ನಮ್ಮ ಪ್ರಾಧ್ಯಾಪಕರು ಲುಂಪೆನ್ ಎಂದರಲ್ಲ, ಅವರೇ. ಮುಂದಿನ ಜನವರಿಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಸಿನಿಮಾವನ್ನು ರಾಜಕಾರಣದ ಬೀದಿಗೆ ಕೈಹಿಡಿದು ಕರೆತಂದವರಲ್ಲಿ ಕನ್ನಡದ ಬರಹಗಾರರು ಮೊದಲಿಗರು ಎನ್ನುವುದನ್ನು ಮರೆಯಬಾರದು. ಬೇಕಾದಾಗ ಅಭಿಮಾನಿ ದೇವರು, ಬೇಡವಾದಾಗ ಲುಂಪೆನ್. ಈ ಅನುಕೂಲ ನಮಗೆ ಯಾರು ಕೊಟ್ಟರು?

ಈ ವಿಷಯದಲ್ಲಿ ಓದಲೇಬೇಕಾದ ಕೆಲವು ಪುಸ್ತಕಗಳಿವೆ. ಎಂ.ಎಸ್.ಎಸ್. ಪಾಂಡಿಯನ್ ಅವರು ಎಂ.ಜಿ.ಆರ್. ಕುರಿತು 1992ರಲ್ಲಿ ಬರೆದದ್ದು, ತೆಲುಗಿನ ಅಭಿಮಾನಿ ಸಂಘಗಳ ಬಗ್ಗೆ ಎಸ್.ವಿ. ಶ್ರೀನಿವಾಸ್ ಬರೆದದ್ದು, ಎಂ.ಮಾಧವ ಪ್ರಸಾದ್ ಅವರ ‘ಸಿನಿ ಪಾಲಿಟಿಕ್ಸ್’. ಪಾಂಡಿಯನ್ ಎತ್ತಿದ ಪ್ರಶ್ನೆ ಕಹಿಯಾದದ್ದು: ಬಡವರ ಹೊಟ್ಟೆಯ ಮೇಲೆ ಹೊಡೆದ ಆಡಳಿತವನ್ನು ಬಡವರೇ ಹೇಗೆ ಪ್ರೀತಿಸಿದರು? ಮಾಧವ ಪ್ರಸಾದ್ ಇನ್ನೊಂದು ಕಡೆಯಿಂದ ನೋಡುತ್ತಾರೆ. ಭಾಷೆಯ ಆಧಾರದ ಮೇಲೆ ರಾಜ್ಯಗಳಾದವು, ಆದರೆ ಆ ಭಾಷೆಯ ಜನಕ್ಕೆ ತಮ್ಮದೆನ್ನುವ ಸಾರ್ವಭೌಮತ್ವ ಸಿಗಲಿಲ್ಲ, ಆ ಖಾಲಿ ಸಿಂಹಾಸನದಲ್ಲಿ ತಾರೆ ಕೂತ. ಶ್ರೀನಿವಾಸ್ ಹೇಳುವುದು ನನ್ನ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ಅಭಿಮಾನಿಯ ನಿಷ್ಠೆಗೆ ಷರತ್ತುಗಳಿವೆ. ನಾಯಕ ಹೇಗಿರಬೇಕು ಎಂದು ಅವನು ನಿರೀಕ್ಷೆ ಇಟ್ಟಿರುತ್ತಾನೆ, ಅದು ಮುರಿದರೆ ಗಲಾಟೆ ಮಾಡುತ್ತಾನೆ. ತಾರೆಯನ್ನು ಅವನು ಪೂಜೆಯಷ್ಟೇ ಮಾಡುವುದಿಲ್ಲ, ಕಾವಲೂ ಕಾಯುತ್ತಾನೆ. ರಾಜ್‌ಕುಮಾರ್ ತೆರೆಯ ಮೇಲೆ ಸಿಗರೇಟು ಹೆಂಡ ಮುಟ್ಟದೆ ಇದ್ದದ್ದು ಅಭಿಮಾನಿಗಳಿಗೆ ಹೆದರಿ ಎಂದು ನಮ್ಮವ್ವ ಇಂದಿಗೂ ಹೆಮ್ಮೆಯಿಂದ ಹೇಳುತ್ತಾಳೆ. ಹೆದರಿ ಎನ್ನುವ ಪದ ಅವಳದ್ದೇ.

ಇದು ನಮಗೆ ಹೊಸದೂ ಅಲ್ಲ. ದಾಸರು ನಿಂದಾಸ್ತುತಿ ಬರೆದ ಭಾಷೆ ಇದು. ದೇವರನ್ನೇ ಜಿಪುಣ, ಕಳ್ಳ, ಮಾತು ತಪ್ಪಿದವನು ಎಂದು ಬೈದು, ಆಮೇಲೆ ಕೈಮುಗಿದು ಹೋಗುವುದು ನಮ್ಮ ಭಕ್ತಿಯ ಒಂದು ರೀತಿ. ಮಂಡ್ಯದ ಕಡೆಯಂತೂ ಬೈಗುಳವಿಲ್ಲದ ಪ್ರೀತಿಯನ್ನು ಯಾರೂ ನಂಬುವುದಿಲ್ಲ. ಅಂಬರೀಷ್ ಅವರಿಗೂ ಈ ಜಿಲ್ಲೆಗೂ ಇದ್ದ ಸಂಬಂಧ ಅಂಥದ್ದು. 1998, 1999, 2004, ಮೂರು ಸಲ ಗೆಲ್ಲಿಸಿದರು. ಕ್ಷೇತ್ರಕ್ಕೆ ಬರಲ್ಲ, ಬಂದರೂ ಮಧ್ಯಾಹ್ನದ ಮೇಲೆ ಏಳ್ತಾರೆ ಎಂದು ಮುಖದ ಮೇಲೆ ಬೈದರು. ಅವರೂ ತಿರುಗಿ ಬೈದರು. ಕಾವೇರಿ ಹೊತ್ತಿಕೊಂಡಾಗ ರಾಜೀನಾಮೆ ಕೊಡು ಎಂದು ಒತ್ತಿದರು, ಅವರು ಕೊಟ್ಟರು. ಆಡಳಿತಗಾರರಾಗಿ ಅವರು ದೊಡ್ಡದೇನು ಮಾಡಿದರು ಎಂದು ಕೇಳಿದರೆ ನನ್ನ ಹತ್ತಿರ ಉದ್ದನೆಯ ಪಟ್ಟಿಯಿಲ್ಲ. ನಾನು ಹೇಳುತ್ತಿರುವುದು ಆ ಒತ್ತಡದ ಬಗ್ಗೆ. ಜನಕ್ಕೆ ಒಂದು ಹಗ್ಗದ ತುದಿ ಕೈಯಲ್ಲಿತ್ತು, ಎಳೆದರೆ ಆ ಕಡೆ ಅಲ್ಲಾಡುತ್ತಿತ್ತು.

ಆ ಹಗ್ಗ ಯಾವಾಗ ಕಡಿಯಿತು?

ನಾವು ಕನ್ನಡಿಗರು ಒಂದು ಜಂಬದ ಮಾತು ಹೇಳಿಕೊಳ್ಳುತ್ತೇವೆ. ತಮಿಳರು ಎಂ.ಜಿ.ಆರ್. ಅವರನ್ನು ಮುಖ್ಯಮಂತ್ರಿ ಮಾಡಿದರು, ತೆಲುಗರು ಎನ್.ಟಿ.ಆರ್. ಅವರನ್ನು ಮಾಡಿದರು, ನಾವು ಮಾತ್ರ ಬುದ್ಧಿವಂತರು, ನಮ್ಮ ಅಣ್ಣಾವ್ರು ರಾಜಕೀಯಕ್ಕೆ ಕಾಲಿಡಲಿಲ್ಲ. ಕಾಲಿಡದಿದ್ದದ್ದು ಅವರ ದೊಡ್ಡತನ, ಒಪ್ಪೋಣ. ಅದರಲ್ಲಿ ನಮ್ಮ ಬುದ್ಧಿವಂತಿಕೆ ಏನಿದೆ? ನಮ್ಮಲ್ಲಿ ತಾರೆ ರಾಜಕೀಯಕ್ಕೆ ಹೋಗಲಿಲ್ಲ, ರಾಜಕೀಯವೇ ತಾರೆಯ ಮನೆಗೆ ಬಂತು. 2000ದ ಜುಲೈ 30ರಂದು ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿದ. 108 ದಿನ ಈ ರಾಜ್ಯ ಉಸಿರು ಬಿಗಿಹಿಡಿದು ಕೂತಿತ್ತು. ನನಗಾಗ ಮೂರು ವರ್ಷ, ನೆನಪಿಲ್ಲ. ಓದಿದ ಮೇಲೆ ಕಾಡಿದ್ದು ಬೇರೆಯೇ ಒಂದು ವಿವರ. ವೀರಪ್ಪನ್ ಬೇಡಿಕೆಗಳಲ್ಲಿ ಒಂದು, ಟಾಡಾ ಕಾಯ್ದೆಯಡಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ಕಾಡಂಚಿನ ಹಳ್ಳಿಯವರನ್ನು ಬಿಡಬೇಕೆನ್ನುವುದು. ಹೆಂಗಸರೂ ಇದ್ದರು ಅವರಲ್ಲಿ. ಸರ್ಕಾರ ಕೇಸು ಹಿಂತೆಗೆದುಕೊಳ್ಳಲು ಹೊರಟಿತು. ವೀರಪ್ಪನ್ ಕೊಂದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು, ಕೋರ್ಟು ತಡೆಯಿತು. ಅವರ ನೋವೂ ನ್ಯಾಯದ್ದೇ. ಮರುವರ್ಷ ವಿಚಾರಣೆ ಮುಗಿದಾಗ ಆ ಹಳ್ಳಿಯವರಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದು ಬಿಡುಗಡೆಯಾದರು.

ಯೋಚಿಸಿ ನೋಡಿ. ಅಷ್ಟು ವರ್ಷ ಅವರು ಅಲ್ಲಿದ್ದರು ಎನ್ನುವುದೇ ಬೆಂಗಳೂರಿಗೆ ಗೊತ್ತಾಗಲು ಕನ್ನಡದ ಅತಿ ದೊಡ್ಡ ನಟ ಕಾಡಿನಲ್ಲಿ ಮಲಗಬೇಕಾಯಿತು. ಗೊತ್ತಾದ ಮೇಲೆಯೂ ಅವರು ನಮಗೆ ಕಂಡದ್ದು ತಾರೆಯನ್ನು ಬಿಡಿಸಿಕೊಳ್ಳಲು ಕೊಡುವ ಬೆಲೆಯಾಗಿ. ರಾಜ್‌ಕುಮಾರ್ ಸುರಕ್ಷಿತವಾಗಿ ಬಂದರು, ನಾಡು ದೀಪ ಹಚ್ಚಿತು. ಜೈಲಿನವರ ಕತೆ ನಾಡಿನ ಕತೆಯಾಗಲಿಲ್ಲ. ತಾರೆಯ ಬೆಳಕು ಬಿದ್ದಷ್ಟು ಹೊತ್ತು ಕಾಣುವುದು, ಬೆಳಕು ಸರಿದರೆ ಇಲ್ಲವಾಗುವುದು, ಇದನ್ನು ನಮ್ಮ ರಾಜಕಾರಣಿಗಳು ಬಹಳ ಚೆನ್ನಾಗಿ ಕಲಿತರು.

ಎಷ್ಟು ಚೆನ್ನಾಗಿ ಎಂದರೆ, ತಾರೆಗಾಗಿ ಕಾಯುವುದನ್ನೇ ಬಿಟ್ಟು ಮನೆಯಲ್ಲೇ ತಯಾರಿಸಲು ಶುರುಮಾಡಿದರು. 2016ರಲ್ಲಿ ಕುಮಾರಸ್ವಾಮಿಯವರ ಮಗನ ‘ಜಾಗ್ವಾರ್’. 2022ರಲ್ಲಿ ಜಮೀರ್ ಅಹ್ಮದ್ ಅವರ ಮಗನ ‘ಬನಾರಸ್’. 2025ರಲ್ಲಿ ಜನಾರ್ದನ ರೆಡ್ಡಿಯವರ ಮಗನ ‘ಜೂನಿಯರ್’. ಮೂರೂ ಬೇರೆ ಬೇರೆ ಪಕ್ಷದ ಮನೆಗಳು, ಜಗಳವಿಲ್ಲ. ಮದ್ರಾಸಿನಲ್ಲಿ ಒಬ್ಬ ನಾಟಕದ ಹುಡುಗ ಮೂವತ್ತು ವರ್ಷ ಬಡವನ ಪಾತ್ರ ಮಾಡಿ ಮಾಡಿ ಮುಖ್ಯಮಂತ್ರಿಯಾದ. ನಮ್ಮಲ್ಲಿ ಮೊದಲು ಕುಟುಂಬ, ಆಮೇಲೆ ಕಟೌಟು, ಆಮೇಲೆ ಬೇಕಿದ್ದರೆ ಸಿನಿಮಾ. ನಟನೆ ಬರುತ್ತದೋ ಇಲ್ಲವೋ ಎನ್ನುವುದು ಮುಖ್ಯವಲ್ಲ. ಹಾಲಿನ ಅಭಿಷೇಕ ಮಾಡಲು ಕಲಿತ ಹುಡುಗರ ಒಂದು ಪಡೆ ಬೇಕು, ಅದು ಸಿದ್ಧವಾದರೆ ಸಾಕು. ಆ ಪಡೆಗೆ ಕಾವಲು ಕಾಯುವ ಅಧಿಕಾರ ಯಾರೂ ಕೊಟ್ಟಿಲ್ಲ. ಹಣ ಕೊಟ್ಟು ಕರೆತಂದ ಅಭಿಮಾನಿ ಬೈಯುವುದು ಹೇಗೆ?

ಇನ್ನು ನಿಜವಾದ ತಾರೆಯರ ಗತಿ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವದ ಉದ್ಘಾಟನೆಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ಮೇಕೆದಾಟು ಪಾದಯಾತ್ರೆಗೆ ಚಿತ್ರರಂಗದವರು ಬರಲಿಲ್ಲ, ನಟ್ಟು ಬೋಲ್ಟು ಎಲ್ಲಿ ಬಿಗಿ ಮಾಡಬೇಕೋ ಗೊತ್ತಿದೆ ಎಂಬ ಅರ್ಥದಲ್ಲಿ ಮಾತಾಡಿದರು. ಒಂದು ವಾರ ಗದ್ದಲವಾಯಿತು. ಗದ್ದಲವೆಲ್ಲ ಕಲಾವಿದರಿಗೆ ಅವಮಾನವಾಯಿತೋ ಇಲ್ಲವೋ ಎನ್ನುವುದರ ಸುತ್ತ ನಡೆಯಿತು. ನನಗೆ ಕೇಳಬೇಕೆನಿಸಿದ್ದು ಬೇರೆ. ಆ ಪಾದಯಾತ್ರೆಗೆ ನಟರು ಯಾತಕ್ಕೆ ಬೇಕಿತ್ತು? ಮೇಕೆದಾಟುವಿನ ಬಗ್ಗೆ ಮಾತಾಡಲು ಅಲ್ಲ. ಮುಳುಗುವ ಕಾಡಿನ ಲೆಕ್ಕ, ಬೆಂಗಳೂರಿಗೆ ಬರುವ ನೀರಿನ ಲೆಕ್ಕ ಯಾವ ನಟನಿಂದಲೂ ಯಾರೂ ಕೇಳುವುದಿಲ್ಲ. ಬಂದು ನಿಲ್ಲಬೇಕು, ಕೈಬೀಸಬೇಕು, ಹಿಂದೆ ಜನ ಬರಬೇಕು. ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಸರ್ಕಾರದ ಎದುರು ನಿಂತಿದ್ದರು. ಈಗ ಸರ್ಕಾರದ ಪಕ್ಕದಲ್ಲಿ ನಿಲ್ಲದಿದ್ದರೆ ತಪ್ಪು. ನಲವತ್ತು ವರ್ಷದಲ್ಲಿ ತಾರೆಯೂ ಅಭಿಮಾನಿಯ ಹಾಗೇ ಆಗಿಬಿಟ್ಟ, ಕರೆದಾಗ ಬಂದು ನಿಲ್ಲುವವನು.

ಉಪೇಂದ್ರ ಅವರ ಪ್ರಜಾಕೀಯವನ್ನು ಕೆಲವು ಗೆಳೆಯರು ಉದಾಹರಣೆ ಕೊಡುತ್ತಾರೆ. ನಾಯಕ ಬೇಡ, ನಾನು ಸಂಬಳದ ಕೆಲಸಗಾರ, ಲೆಕ್ಕ ಕೇಳಿ ಎಂದ ನಟ. ಮಾತು ನನಗೂ ಹಿಡಿಸಿತ್ತು. ಆದರೆ ಅದರಲ್ಲಿ ಜಾತಿಯಿಲ್ಲ, ಜಮೀನಿಲ್ಲ, ಜಗಳವಿಲ್ಲ. ರಾಜಕೀಯ ಎಂದರೆ ಒಂದು ಒಳ್ಳೆಯ ಕಂಪನಿ, ಅಷ್ಟೆ. ಅವರು ಬಿಟ್ಟುಬಂದ ಮೊದಲ ಪಕ್ಷದ ಚಿಹ್ನೆಯಲ್ಲಿ 2018ರಲ್ಲಿ ರಾಣೆಬೆನ್ನೂರಿನಿಂದ ಗೆದ್ದವರು ಮಂತ್ರಿಯಾಗಿ ಪಕ್ಷ ಬದಲಿಸುತ್ತಾ ಹೋದರು. ಆ ಕತೆ ಅಲ್ಲಿಗೆ ಬಿಡೋಣ.

ಮಂಡ್ಯಕ್ಕೆ ವಾಪಸ್ ಬರುತ್ತೇನೆ. ನನ್ನ ವಾದದ ವಿರುದ್ಧ ಹೇಳಬಹುದಾದ ಗಟ್ಟಿ ಮಾತು ಅಲ್ಲೇ ಇದೆ. 2019ರಲ್ಲಿ ಕ್ಷೇತ್ರದ ಎಂಟೂ ಶಾಸಕರು ಜೆಡಿಎಸ್‌ನವರು, ಮುಖ್ಯಮಂತ್ರಿ ಅವರ ಪಕ್ಷದವರೇ. ಆದರೂ ಪಕ್ಷೇತರ ಹೆಣ್ಣುಮಗಳು ಒಂದೂಕಾಲು ಲಕ್ಷಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಇದು ಬರೀ ಸಿನಿಮಾ ಹುಚ್ಚಾಗಿದ್ದರೆ ನಿಖಿಲ್ ಕೂಡ ಸಿನಿಮಾದವರೇ ಅಲ್ಲವೇ? ಅಣ್ಣ ಆಗ ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಅಪ್ಪ, ಮಗ, ಮೊಮ್ಮಗ ಅಂತ ನಾವೇನು ಜೀತಕ್ಕೆ ಇದ್ದೀವೇನವ್ವ? ಈ ಸಲ ತೋರಿಸ್ತೀವಿ ಬುಡು.’ ತೋರಿಸಿದರು. ಅದು ರಾಜಕೀಯವೇ. ಅಭಿಮಾನಿ ಸಂಘ ಇಲ್ಲದಿದ್ದರೆ ಆ ಸಿಟ್ಟಿಗೆ ಸಂಘಟನೆಯೇ ಇರುತ್ತಿರಲಿಲ್ಲ, ಏಕೆಂದರೆ ರೈತ ಸಂಘ ಬಿಟ್ಟರೆ ನಮ್ಮ ಕಡೆ ಹುಡುಗರನ್ನು ಒಟ್ಟುಸೇರಿಸುವ ಇನ್ನೊಂದು ಜಾಗವನ್ನು ಯಾವ ಪಕ್ಷವೂ ಕಟ್ಟಿರಲಿಲ್ಲ.

ಆದರೆ ಗೆದ್ದ ಮರುದಿನ ಅವರ ಕೈಯಲ್ಲಿ ಏನಿತ್ತು? 2021ರಲ್ಲಿ ಸುಮಲತಾ ಕೆಆರ್‌ಎಸ್ ಅಣೆಕಟ್ಟೆಯ ಸುತ್ತ ಅಕ್ರಮ ಕಲ್ಲು ಗಣಿಗಾರಿಕೆಯ ವಿಷಯ ಎತ್ತಿದರು. ಬೇಬಿ ಬೆಟ್ಟದ ಸ್ಫೋಟಕ್ಕೆ ನಮ್ಮ ಮನೆಯ ಕಿಟಕಿ ಅದುರಿದ್ದು ನನಗೆ ಗೊತ್ತು. ಅದು ಒಬ್ಬ ಸಂಸದೆ ಎತ್ತಲೇಬೇಕಾದ ಪ್ರಶ್ನೆ, ಎತ್ತಿದ್ದಕ್ಕೆ ನನ್ನ ಗೌರವವಿದೆ. ಅಣೆಕಟ್ಟೆಯ ಗೇಟಿಗೆ ಅವರನ್ನೇ ಅಡ್ಡ ಮಲಗಿಸಬೇಕು ಎಂದು ಕುಮಾರಸ್ವಾಮಿ ಪ್ರತಿಕ್ರಿಯಿಸಿದರು. ಅಲ್ಲಿಂದ ಮುಂದೆ ಕಲ್ಲಿನ ಮಾತು ನಿಂತುಹೋಯಿತು. ಹೆಣ್ಣನ್ನು ಹೀಗನ್ನಬಹುದೇ, ಅಂಬರೀಷ್ ಇದ್ದಿದ್ದರೆ ಏನಾಗುತ್ತಿತ್ತು, ಯಾರು ಯಾರ ಸ್ಮಾರಕಕ್ಕೆ ಏನು ಮಾಡಿದರು. ಟಿವಿಗೆ ಒಂದು ವಾರದ ಮೇವು. ನಮ್ಮೂರ ಸಂಘದವರು ಅಕ್ಕನ ಪರ ಫ್ಲೆಕ್ಸ್ ಕಟ್ಟಿದರು. ಆ ಫ್ಲೆಕ್ಸಿನಲ್ಲಿ ಬೇಬಿ ಬೆಟ್ಟ ಇರಲಿಲ್ಲ. ಅವರು ತಮ್ಮ ಕಿಟಕಿಗಾಗಿ ಬೀದಿಗೆ ಬರಬಹುದಿತ್ತು, ಅಕ್ಕನ ಮರ್ಯಾದೆಗಾಗಿ ಬಂದರು.

2024ರಲ್ಲಿ ಜೋಡೆತ್ತಿನ ನೊಗ ಬಿಚ್ಚಿತು. ಸುಮಲತಾ ಬಿಜೆಪಿ ಸೇರಿ ಕುಮಾರಸ್ವಾಮಿಯವರ ಪರ ನಿಂತರು. ದರ್ಶನ್ ಕಾಂಗ್ರೆಸ್ ಅಭ್ಯರ್ಥಿಯ ಪರ ಪ್ರಚಾರಕ್ಕೆ ಬಂದರು. ಅಭ್ಯರ್ಥಿ ಉದ್ಯಮಿ, ಸಿನಿಮಾಕ್ಕೂ ಅವರಿಗೂ ಸಂಬಂಧವಿಲ್ಲ, ಆದರೂ ಊರಲ್ಲೆಲ್ಲ ಅವರ ಹೆಸರು ಸ್ಟಾರ್ ಚಂದ್ರು. (ಮಂಡ್ಯದ ಹಣೆಬರಹ!) ಗೆದ್ದದ್ದು ಕುಮಾರಸ್ವಾಮಿ, ಅವರೂ ಒಂದು ಕಾಲದ ಸಿನಿಮಾ ನಿರ್ಮಾಪಕರು. 2019ರಲ್ಲಿ ‘ತೋರಿಸ್ತೀವಿ’ ಎಂದಿದ್ದ ಅಣ್ಣ ಈ ಸಲ ಯಾರ ಪರ ಎಂದು ಕೇಳಿದರೆ, ‘ಬಾಸ್ ಯಾರು ಅಂತಾರೋ ಅವ್ರು’ ಎಂದ. ಐದು ವರ್ಷದಲ್ಲಿ ಒಂದು ಸಿಟ್ಟು ಅಷ್ಟಕ್ಕೆ ಇಳಿದಿತ್ತು.

ಜೂನ್ ತಿಂಗಳಲ್ಲಿ ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ದರ್ಶನ್ ಬಂಧನವಾಯಿತು. ವಿಷಯ ನ್ಯಾಯಾಲಯದ ಮುಂದಿದೆ, ತೀರ್ಪು ಹೇಳುವುದು ನನ್ನ ಕೆಲಸವಲ್ಲ. ನಾನು ನೋಡಿದ್ದು ಪೊಲೀಸ್ ಠಾಣೆಯ ಮುಂದಿನ ಗುಂಪನ್ನು, ಟಿವಿಯಲ್ಲಿ. ಅದರ ಅಂಚಿನಲ್ಲಿ ಅಣ್ಣ ಇದ್ದ. ಫೋನ್ ಮಾಡಿದೆ. ಸತ್ತ ಹುಡುಗನ ಹೆಂಡತಿ ಆಗ ಬಸುರಿ ಎಂದು ಹೇಳಿದೆ. ‘ನಿಂಗೆ ಗೊತ್ತಾಗಕಿಲ್ಲ, ಇಡವ್ವ’ ಎಂದ. ನಾನೂ ಸಿಟ್ಟಿನಲ್ಲಿ ಆಡಬಾರದ್ದನ್ನು ಆಡಿದೆ. ಆಡಿದ ಪದ ಸಂಕಿರಣದ ಆ ಪ್ರಾಧ್ಯಾಪಕರದ್ದೇ, ಕನ್ನಡದಲ್ಲಿ. ಅಲ್ಲಿಂದ ಹದಿನಾರು ತಿಂಗಳು ನಮ್ಮಿಬ್ಬರಿಗೆ ಮಾತಿಲ್ಲ.

ಅಭಿಮಾನಿ ಸಂಘದ ಇತಿಹಾಸದಲ್ಲಿ ಇದು ಸಣ್ಣ ಬದಲಾವಣೆಯಲ್ಲ. ತೆರೆಯ ಮೇಲೆ ಸಿಗರೇಟು ಸೇದಿದರೆ ಒಪ್ಪುವುದಿಲ್ಲ ಎನ್ನುತ್ತಿದ್ದ ಅಭಿಮಾನ, ಕೊಲೆಯ ಆರೋಪ ಬಂದಾಗ ಒಂದು ಪ್ರಶ್ನೆಯನ್ನೂ ಕೇಳದ ಅಭಿಮಾನವಾಗಿದೆ. ಪ್ರಶ್ನೆ ಕೇಳಿದವರನ್ನು ಬೈಯುತ್ತದೆ, ಅದೂ ಹೆಣ್ಣಾದರೆ ಹೇಳುವುದೇ ಬೇಡ. 2025ರ ಜುಲೈನಲ್ಲಿ, ಆ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದು ಬರೆದದ್ದಕ್ಕೆ ರಮ್ಯಾ ಅವರಿಗೆ ಬಂದ ಸಂದೇಶಗಳು ಎಂಥವೆಂದು ಅವರೇ ಪೊಲೀಸರಿಗೆ ದೂರು ಕೊಟ್ಟು ತೋರಿಸಿದರು. 2013ರ ಉಪಚುನಾವಣೆಯಲ್ಲಿ ಮಂಡ್ಯ ಗೆಲ್ಲಿಸಿ ಕಳಿಸಿದ್ದ ಸಂಸದೆ ಅವರು. ಬೈಯುವ ಹಕ್ಕು ಹೋಗಿಲ್ಲ ಎಂದು ಯಾರಾದರೂ ಹೇಳಬಹುದು. ಹೋಗಿದೆ. ಮೇಲಕ್ಕೆ ಬೈಯುತ್ತಿದ್ದವರು ಪಕ್ಕಕ್ಕೂ ಕೆಳಕ್ಕೂ ಬೈಯುತ್ತಿದ್ದಾರೆ, ಅದಕ್ಕೆ ಹಕ್ಕು ಎನ್ನಲಾಗುವುದಿಲ್ಲ. ನನ್ನ ಒಂದು ಚಿಕ್ಕ ಟಿಪ್ಪಣಿಗೆ ಬಂದ ಉತ್ತರಗಳನ್ನೂ ನಾನು ಓದಿದ್ದೇನೆ. ಸಂಶೋಧನೆಗೆ ಬೇಕಾಗುತ್ತದೆಂದು ಒಂದು ಫೋಲ್ಡರಿನಲ್ಲಿ ಹಾಕಿಟ್ಟಿದ್ದೇನೆ, ತೆರೆಯಲು ಮನಸ್ಸಾಗಿಲ್ಲ.

ಇದನ್ನೆಲ್ಲ ತಾರೆಯರ, ಅಭಿಮಾನಿಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರು 2025ರ ಜೂನ್ 4ನ್ನು ನೆನೆಯಬೇಕು. ಆರ್‌ಸಿಬಿ ಗೆದ್ದ ಮಾರನೆಯ ದಿನ. ಸಿನಿಮಾ ಅಲ್ಲ, ಕ್ರಿಕೆಟ್. ಆದರೆ ಹಂಚಿದ ಪಾತ್ರಗಳು ಅವೇ. ಆಟಗಾರರ ಜೊತೆ ಫೋಟೋದಲ್ಲಿ ನಿಲ್ಲಲು ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರಕ್ಕೇ ನೂಕುನುಗ್ಗಲು. ಸ್ವಲ್ಪ ದೂರದ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನಲ್ಲಿ ಕಾಲ್ತುಳಿತಕ್ಕೆ 11 ಜನ ಸತ್ತರು. ಆ ದಿನ ಮೆಟ್ಟಿಲ ಮೇಲಿದ್ದವರು ಆಡಳಿತಗಾರರಾಗಿರಲಿಲ್ಲ, ಅವರೂ ಅಭಿಮಾನಿಗಳಾಗಿದ್ದರು. ಗೇಟು ನೋಡಿಕೊಳ್ಳಬೇಕಾದವರು ಯಾರು ಹಾಗಾದರೆ? ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ ನಟ ವಿಜಯ್ ಅವರ ಪಕ್ಷದ ಸಭೆಗೆ ಬಂದು ಗಂಟೆಗಟ್ಟಲೆ ಕಾದವರಲ್ಲಿ 41 ಮಂದಿ ಸತ್ತಾಗ ನಮ್ಮವರು ‘ಆ ತಮಿಳರ ಹುಚ್ಚು’ ಎಂದು ಬರೆದದ್ದನ್ನು ನೋಡಿದೆ. ನಾಲ್ಕು ತಿಂಗಳಿಗೆ ಚಿನ್ನಸ್ವಾಮಿ ಮರೆತಿತ್ತು.

ನಟರು ರಾಜಕೀಯಕ್ಕೆ ಬರಬಾರದೆಂದು ಹೇಳುವವರಿಗೆ ನನ್ನದು ಇಷ್ಟೇ ಮಾತು. ವಕೀಲ ಬರಬಹುದು, ರಿಯಲ್ ಎಸ್ಟೇಟಿನವನು ಬರಬಹುದು, ಮಠ ಬರಬಹುದು, ನಟಿ ಯಾಕೆ ಬರಬಾರದು? ನಟಿ ಎಂದರೆ ನಮಗಾಗುವ ಮುಜುಗರದಲ್ಲಿ ಹಳೆಯ ಮಡಿಯ ವಾಸನೆಯೂ ಇದೆ. ಬರಲಿ. ಬಂದವರನ್ನು ಬೈಯಲು ಬಿಡಿ, ಮೊದಲು ಅವರ ಅಭಿಮಾನಿಗಳೇ ಬೈಯಲಿ. ಅಭಿಮಾನಿ ಸಂಘ ಮುಚ್ಚಬೇಕೆಂದು ಬಯಸುವ ಓದುಗ ಗೆಳೆಯರನ್ನು ಒಂದು ಕೇಳುತ್ತೇನೆ. ನಮ್ಮ ತಾಲ್ಲೂಕಿನಲ್ಲಿ ರಾತ್ರಿ ಎರಡು ಗಂಟೆಗೆ ರಕ್ತ ಬೇಕೆಂದರೆ ಹತ್ತು ಹುಡುಗರನ್ನು ಎಬ್ಬಿಸಿ ಕರೆತರುವ ಯಾವ ಸಾಹಿತ್ಯ ಪರಿಷತ್ತಿದೆ, ಯಾವ ಪಕ್ಷದ ಶಾಖೆಯಿದೆ? ಆ ಹುಡುಗರು ಬಾಯಿ ಬಿಡುವುದನ್ನು ಮರೆತದ್ದರಲ್ಲಿ, ಅವರ ಜೊತೆ ಮಾತೇ ಆಡದ ನಮ್ಮ ಪಾಲೂ ಇದೆ.

ಈ ಬರಹ ಅರ್ಧ ಆಗಿದ್ದಾಗ, ದೀಪಾವಳಿ ಕಳೆದ ವಾರ, ಅಣ್ಣ ಫೋನ್ ಮಾಡಿದ. ಜೂನ್ ಮಾತೂ ಎತ್ತಲಿಲ್ಲ, ಜೈಲಿನ ಮಾತೂ ಎತ್ತಲಿಲ್ಲ. ನಮ್ಮೂರಿನ ಹತ್ತಿರ ನಾಲೆ ಏರಿಯ ತಿರುವಿನಲ್ಲಿ ಯಾರದ್ದೋ ಬೈಕು ಅಂಚಿಗೆ ಹೋಗಿ ನಿಂತಿತ್ತಂತೆ. ‘ತಡೆಗೋಡೆಗೆ ಒಂದು ಮನವಿ ಬರ್ಕೊಡವ್ವ, ನೀನು ಬರಿಯೋಳಲ್ವಾ’ ಎಂದ. ಅರ್ಧ ಗಂಟೆಯಲ್ಲಿ ಬರೆದು ಕಳಿಸಿದೆ. ಕೆಳಗೆ ‘ಗ್ರಾಮಸ್ಥರು’ ಎಂದು ಹಾಕಿದ್ದೆ. ಅವನು ಅದನ್ನು ಸಂಘದ ಲೆಟರ್‌ಹೆಡ್ಡಿಗೆ ಹಾಕಿ ಫೋಟೋ ತೆಗೆದು ಕಳಿಸಿದ. ಮೇಲೆ ಎಡಗಡೆ ಅಂಬರೀಷ್, ಬಲಗಡೆ ದರ್ಶನ್, ಮಧ್ಯೆ ಕನ್ನಡ ಬಾವುಟ.

ಫೋಟೋ ಯಾಕಣ್ಣ, ಊರಿನವರ ಹೆಸರಲ್ಲೇ ಕೊಡಿ ಎಂದೆ.

‘ಊರ್ನೋರ ಹೆಸ್ರಲ್ಲಿ ಮೂರು ಸಲ ಕೊಟ್ಟಿದ್ದೀವಿ ಕಣವ್ವ. ಈಸ್ಕೊಂಡು ಟೇಬಲ್ ಮೇಲೆ ಮಡಗ್ತಾರೆ. ಇದು ನೋಡಿದ್ರೆ ಎಂಜಿನಿಯರ್ ತಲೆನಾದ್ರೂ ಎತ್ತಿ ನೋಡ್ತಾನೆ.’

ನನಗೆ ಉತ್ತರ ಹೊಳೆಯಲಿಲ್ಲ. ಎರಡು ಕಾಗುಣಿತ ತಪ್ಪಿದ್ದವು, ಅವನ್ನು ತಿದ್ದಿ ವಾಪಸ್ ಕಳಿಸಿದೆ.